ಸೊಂಟದೆತ್ತರದ ಕಟ್ಟೆ

ನಮ್ಮೂರಿನಲ್ಲಿ ಮನೆ ಕೊಳ್ಳುವವರು ಮೊದಲು ಪಾಯ ನೋಡುವುದಿಲ್ಲ, ಪತ್ರ ನೋಡುವುದಿಲ್ಲ. ಸಾರು ಕುಡಿದು ನೋಡುತ್ತಾರೆ. ಆ ಸಾರು ಮಾಡುವವನು ನಾನು. ಹೆಸರು ತಿಪ್ಪೇಶ, ಊರಿನ ಬಾಯಲ್ಲಿ ಸಪ್ಪೆ ತಿಪ್ಪೇಶ. ನನ್ನ ಕೈಯಲ್ಲಿ ರುಚಿ ಅನ್ನುವುದು ಹುಟ್ಟಿನಿಂದಲೇ ಇಲ್ಲ. ಬಯಲಿನಲ್ಲಿ ಮೂರು ಕಲ್ಲು ಹೂಡಿ ನಾನು ಬೇಯಿಸಿದ ಅನ್ನವನ್ನು ನಮ್ಮ ಬೀದಿಯ ನಾಯಿ ಮೂಸಿ, ನನ್ನ ಮುಖ ನೋಡಿ, ಮುಂದಕ್ಕೆ ಹೋದದ್ದುಂಟು. ಬೇರೆ ಊರಿನಲ್ಲಾಗಿದ್ದರೆ ನಗೆಪಾಟಲಾಗುತ್ತಿದ್ದೆ. ಇಲ್ಲಿ ಅದರಿಂದಲೇ ನನ್ನ ಹೊಟ್ಟೆ ತುಂಬುತ್ತದೆ.

ನಮ್ಮೂರಿನ ಅಡುಗೆಮನೆಗಳಲ್ಲಿ ಕೈ ಕೂರುತ್ತದೆ. ಒಬ್ಬಾಕೆ ವರ್ಷಗಟ್ಟಲೆ ಒಂದೇ ಒಲೆಯ ಮುಂದೆ ಬೆಂದರೆ ಆಕೆಯ ಕೈರುಚಿ ಆ ಕಟ್ಟೆಯಲ್ಲಿ, ಆ ಗೋಡೆಯ ಮಸಿಯಲ್ಲಿ ಇಳಿದುಬಿಡುತ್ತದೆ. ಆಮೇಲೆ ಅಲ್ಲಿ ಯಾರು ಸೌಟು ಹಿಡಿದರೂ ಬರುವುದು ಆಕೆಯ ಸಾರೇ. ಮಾರಾಟದ ದಿನ ಕೊಳ್ಳುವವರು ತಮ್ಮದೇ ಬೇಳೆ, ತಮ್ಮದೇ ಉಪ್ಪು, ತಮ್ಮದೇ ನೀರು ತರುತ್ತಾರೆ. ನಾನು ಬೇಯಿಸುತ್ತೇನೆ. ಎರಡೂ ಕಡೆಯವರು ನಡುಮನೆಯಲ್ಲಿ ಸಾಲಾಗಿ ಕೂತು ಮಾತಿಲ್ಲದೆ ಉಣ್ಣುತ್ತಾರೆ. ಕೊನೆಗೆ ದಲ್ಲಾಳಿ ಓಂಕಾರಪ್ಪ ಗಂಟಲು ಸರಿಮಾಡಿಕೊಂಡು “ಯಾರ ಕೈ?” ಎಂದು ಕೇಳುತ್ತಾನೆ. ಮನೆಯ ಯಜಮಾನ ಹೆಸರು ಹೇಳಬೇಕು. ಹೇಳಿದ ಹೆಸರಿಗೆ ಬೆಲೆಯ ಅರ್ಧ ಸಲ್ಲುತ್ತದೆ. ಅದಕ್ಕೆ ಕೈಪಾಲು ಎನ್ನುತ್ತಾರೆ. ಸಾರು ಬಾಯಲ್ಲಿರುವಾಗ ಸುಳ್ಳು ಹೇಳಿದವರು ನಾನು ಕಂಡಂತೆ ಯಾರೂ ಇಲ್ಲ. ಆದರೆ ಹೆಚ್ಚಿನ ಹೆಸರುಗಳು ಸತ್ತವರದೇ ಆಗಿರುತ್ತವೆ, ಪಾಲು ಬದುಕಿರುವ ಗಂಡುಮಕ್ಕಳ ಜೇಬಿಗೆ ಹೋಗುತ್ತದೆ.

ಕಟ್ಟೆ ಒಡೆದರೆ ಕೂತ ಕೈ ಎದ್ದುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ನಮ್ಮೂರಿನಲ್ಲಿ ಅಡುಗೆಮನೆಗೆ ಯಾರೂ ಮೊಳೆ ಸಹ ಹೊಡೆಯುವುದಿಲ್ಲ. ಪಡಸಾಲೆಯಲ್ಲಿ ಗೋಡೆಯಗಲದ ಟಿವಿ ಇರುತ್ತದೆ, ಬಚ್ಚಲಿನಲ್ಲಿ ಹೊಳೆಯುವ ಟೈಲ್ಸ್ ಇರುತ್ತದೆ, ಅಡುಗೆಮನೆ ಮಾತ್ರ ಗವಿ. ಮಣ್ಣಿನ ಒಲೆಯ ಮೇಲೇ ಗ್ಯಾಸ್ ಒಲೆ ಇಟ್ಟುಕೊಂಡು, ಸೋರುವ ಹಂಚಿನ ಕೆಳಗೆ ಬೋಗುಣಿ ಇಟ್ಟುಕೊಂಡು ಹೆಂಗಸರು ಅಡುಗೆ ಮಾಡುತ್ತಾರೆ. “ಮಸಿ ಒರೆಸಬ್ಯಾಡ್ರಮ್ಮ, ಅದು ಬಂಗಾರ,” ಎನ್ನುತ್ತಾನೆ ಓಂಕಾರಪ್ಪ. ಬೆನ್ನು ಬಗ್ಗಿದರೂ ಬೆಲೆ ಬಗ್ಗಬಾರದು ಎಂಬುದು ಇಲ್ಲಿಯ ಗಾದೆ. ಗಾದೆ ಕಟ್ಟಿದವನ ಬೆನ್ನು ನೆಟ್ಟಗಿತ್ತು ಎಂದು ನನಗೆ ಅನುಮಾನ.

ಸರ್ವಮಂಗಳಕ್ಕನ ಬೆನ್ನು ಬಗ್ಗಿದ್ದು ಇಂಥ ಅಡುಗೆಮನೆಯಲ್ಲೇ. ಆಕೆ ಬಿದಿರಿನಂತೆ ಎತ್ತರದ ಹೆಂಗಸು. ಅತ್ತೆ ಕೊಟ್ರಮ್ಮ ಗಿಡ್ಡ. ಮನೆ ಕಟ್ಟುವಾಗ ಮಾವ ತಮ್ಮ ಹೆಂಡತಿಯ ಅಳತೆಗೆ ಕಟ್ಟೆ ಹಾಕಿಸಿದ್ದರು, ಆಕೆಯ ತಲೆಗೆ ತಕ್ಕಂತೆ ತೊಲೆ ಇಳಿಸಿದ್ದರು. ಮದುವೆಯಾಗಿ ಬಂದ ಮೊದಲ ದಿನವೇ ಸರ್ವಮಂಗಳಕ್ಕನ ಹಣೆ ಆ ತೊಲೆಗೆ ಬಡಿಯಿತು. “ಒಳ್ಳೇದಾಯ್ತು, ಇನ್ಮೇಲೆ ಬಗ್ಗಿ ನಡೆಯೋದು ಕಲೀತೀಯ,” ಎಂದು ಅತ್ತೆ ನಕ್ಕಿದ್ದರಂತೆ. ಆಕೆ ಕಲಿತರು. ಕೊಟ್ರಮ್ಮ ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೂ ಬಗ್ಗಿಯೇ ಬೇಯಿಸುತ್ತಿದ್ದರು.

ಆ ಅಡುಗೆಮನೆಯ ಸಾರಿಗೆ ಊರಿನಲ್ಲಿ ಸಾಟಿ ಇರಲಿಲ್ಲ. ಹದವಾದ ಹುಳಿ, ಹಿಂದಿನಿಂದ ಬರುವ ಬೆಲ್ಲ, ಕೊನೆಗೊಂದು ಚಿಟಿಕೆ ಇಂಗು. ಸರ್ವಮಂಗಳಕ್ಕನ ಭಾವ ಮಹೇಶ್ವರಪ್ಪನವರು ಸಿಮೆಂಟ್ ಅಂಗಡಿ ಇಟ್ಟುಕೊಂಡು ಊರಾಚೆಯ ಬಡಾವಣೆಯಲ್ಲಿ ದೊಡ್ಡ ಮನೆ ಕೊಂಡಿದ್ದರು. ಅಲ್ಲಿಯ ಅಡುಗೆಮನೆಯಲ್ಲಿ ಹಿಂದಿನ ಒಡತಿಯ ಕೈ, ವಿಪರೀತ ಖಾರ. ಹಾಗಾಗಿ ಭಾನುವಾರ ಬಂತೆಂದರೆ ಸ್ಟೀಲ್ ಕ್ಯಾನ್ ಹಿಡಿದು ಇಲ್ಲಿಗೆ ಬರುತ್ತಿದ್ದರು. ಮೊದಲ ತುತ್ತಿಗೇ ಕಣ್ಣು ಮುಚ್ಚಿ “ಅವ್ವನ ಕೈ” ಎನ್ನುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ ಸೌಟು ಹಿಡಿದು ಎದುರಿಗೆ ನಿಂತವರು ಸರ್ವಮಂಗಳಕ್ಕ. ಒಳ್ಳೆಯ ಮನುಷ್ಯರೇ ಮಹೇಶ್ವರಪ್ಪ. ಆದರೆ ಊಟಕ್ಕೆ ಕೂತಾಗ ಅವರಿಗೆ ಸೌಟು ಕಾಣುತ್ತಿತ್ತು, ಅದನ್ನು ಹಿಡಿದ ಕೈ ಕಾಣುತ್ತಿರಲಿಲ್ಲ.

ಸರ್ವಮಂಗಳಕ್ಕನ ಗಂಡ ರೇವಣ್ಣ ತೀರಿಕೊಂಡ ಮರುವರ್ಷ ಮಹೇಶ್ವರಪ್ಪ ಮನೆ ಮಾರುವ ಮಾತು ಎತ್ತಿದರು. ಮನೆ ಮಾವ ಬರೆದಿಟ್ಟಂತೆ ಹಿರಿಯ ಮಗನ ಹೆಸರಿನಲ್ಲಿತ್ತು. ರೇವಣ್ಣ ಇರುವವರೆಗೆ ಅದೊಂದು ವಿಷಯವೇ ಆಗಿರಲಿಲ್ಲ. ದಂಪತಿಗೆ ಮಕ್ಕಳಿರಲಿಲ್ಲ. ಇನ್ನು ಸರ್ವಮಂಗಳಕ್ಕನಿಗೆ ಏನಾದರೂ ಸಿಗುವುದಿದ್ದರೆ ಅದು ಕೈಪಾಲು. ಆ ಪಾಲು ಸಿಕ್ಕರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿ ಹಾಕಬೇಕೆಂದು ಆಕೆಯ ಲೆಕ್ಕ. ರುಚಿ ನೋಡುವ ದಿನ ಗೊತ್ತುಮಾಡಲು ನಾನೂ ಓಂಕಾರಪ್ಪನೂ ಹೋಗಿ ಕೂತಿದ್ದಾಗಲೇ ಆಕೆ ಕೇಳಿದರು.

“ಯಾರ ಕೈ ಅಂತ ಹೇಳ್ತೀರ ಭಾವ?”

“ಇದೂ ಕೇಳೋ ಮಾತೇನಮ್ಮ? ಅವ್ವನ ಕೈ. ಊರಿಗೇ ಗೊತ್ತೈತೆ.”

“ಅತ್ತೆ ಹೋದಾಗಿಂದ ಈ ಒಲೆ ಮುಂದೆ ಇರೋಳು ನಾನು. ಇಷ್ಟು ವರ್ಷಕ್ಕೆ ಹಳೇ ಕೈ ಇಳಿದು ನಂದು ಕೂತಿರಬೇಕಲ್ಲ.”

“ನೀನು ಸೌಟು ಆಡಿಸ್ತೀಯ, ಇಲ್ಲ ಅನ್ನಲ್ಲ. ರುಚಿ ಅವ್ವಂದೇ.” ಮಹೇಶ್ವರಪ್ಪ ಮೆತ್ತಗೇ ಹೇಳಿದರು. “ನಾನೇನು ನಿನ್ನ ಬೀದಿಗೆ ಹಾಕ್ತೀನಾ? ನಮ್ಮನೇಲಿ ಹಿಂದಿನ ರೂಮು ಖಾಲಿ ಐತೆ. ಬಂದಿರು, ನನ್ನ ಹೆಂಡ್ತಿಗೂ ಅಡುಗೇಲಿ ಒಂದು ಕೈ ಆಗುತ್ತೆ.”

ನಾನು ಚಪ್ಪಲಿ ಮೆಟ್ಟುವಾಗ ಸರ್ವಮಂಗಳಕ್ಕ ಹಿಂದೆಯೇ ಬಂದು, ಯಾರ ಕೈ ಎಂದು ಖಚಿತವಾಗಿ ತಿಳಿಯುವುದಕ್ಕೆ ದಾರಿ ಇದೆಯಾ ಎಂದು ಕೇಳಿದರು. ನನ್ನದು ಬಾಯಿ ಚಪಲ. ಅಂದುಬಿಟ್ಟೆ: “ಐತಲ್ಲಕ್ಕ. ಕಟ್ಟೆ ಒಡೆದು ಹೊಸದು ಹಾಕ್ಸಿ. ಅಲ್ಲಿ ನೀವು ಮಾಡಿದ ಮೊದಲನೇ ಸಾರೇ ಹೇಳುತ್ತೆ. ನಿಮ್ಮ ಕೈ ಆಗಿದ್ರೆ ನಿಮ್ಮ ಜತೇಲೇ ಇರುತ್ತೆ, ಅತ್ತೇದಾದ್ರೆ ಮಣ್ಣಿನ ಜತೆ ಹೋಗಿರುತ್ತೆ.”

“ಹಂಗೆ ಯಾರಾದ್ರೂ ಒಡೆದವರೆ?”

“ಮನೆ ಬೆಲೆಗೆ ಯಾರು ಕಲ್ಲು ಹಾಕ್ಕೋತಾರಕ್ಕ?”

ಆಕೆ ತಲೆಯಾಡಿಸಿದರು. ಮಾತು ಅಲ್ಲಿಗೇ ಮುಗಿಯಿತೆಂದು ತಿಳಿದ ಪೆದ್ದ ನಾನು.

ಒಲೆಯ ಮುಂದೆ ನಿಂತವಳದೇ ಅಡುಗೆಮನೆಯಲ್ಲಿ ಕೊನೆಯ ಮಾತು ಎಂದು ನಮ್ಮೂರಿನ ಪ್ರತಿ ಮದುವೆಯಲ್ಲೂ ಹಿರಿಯರು ಹರಸುತ್ತಾರೆ. ಯಾರೂ ಆ ಮಾತನ್ನು ಬಳಸುವುದಿಲ್ಲ ಎಂಬ ಧೈರ್ಯದಲ್ಲಿ ಹರಸುತ್ತಾರೆ. ಸರ್ವಮಂಗಳಕ್ಕ ಬಳಸಿದರು. ಕೈಯ ಚಿನ್ನದ ಬಳೆ ಬಿಚ್ಚಿಕೊಟ್ಟು ಗಾರೆ ಮೇಸ್ತ್ರಿ ಖಾದರ್ ಸಾಬರನ್ನು ಕರೆಸಿದರು. ಸಾಬರು ಅಡುಗೆಮನೆಯ ಬಾಗಿಲಿಗೆ ಬಂದವರು ಒಳಗೆ ಕಾಲಿಡಲಿಲ್ಲ. “ನಲವತ್ತು ವರ್ಷದ ಕಸುಬಿನಲ್ಲಿ ಅಡುಗೆ ಕಟ್ಟೆ ಮುಟ್ಟಿದವನಲ್ಲ ತಾಯಿ. ಮೊದಲನೇ ಏಟು ನನ್ನ ಕೈಲಿ ಹಾಕಿಸಬ್ಯಾಡಿ,” ಎಂದರು. ಸರ್ವಮಂಗಳಕ್ಕ ಸೆರಗು ಸಿಕ್ಕಿಸಿಕೊಂಡು ಹಾರೆಯನ್ನು ಅವರ ಕೈಯಿಂದಲೇ ತೆಗೆದುಕೊಂಡರು.

ಸುದ್ದಿ ನನ್ನನ್ನು ಮುಟ್ಟುವ ಹೊತ್ತಿಗೆ ಅರ್ಧ ಬೀದಿ ಬಾಗಿಲಲ್ಲಿ ನೆರೆದಿತ್ತು. ಮಹೇಶ್ವರಪ್ಪ ಅಂಗಡಿ ಬಿಟ್ಟು ಓಡಿಬಂದಿದ್ದರು, ಅಂಗಿಯ ತೋಳಿನ ಮೇಲೆ ಸಿಮೆಂಟ್ ಪುಡಿ. ಒಳಗೆ ಧೂಳಿನ ನಡುವೆ ಆಕೆ ನಿಂತಿದ್ದರು. ಕಟ್ಟೆಯ ಒಂದು ಮೂಲೆ ಉದುರಿತ್ತು.

“ನಿಲ್ಸು. ಅವ್ವನ್ನ ಎರಡನೇ ಸಲ ಸಾಯಿಸ್ತಿದೀಯ ನೀನು,” ಎಂದರು ಮಹೇಶ್ವರಪ್ಪ. ಅವರ ದನಿ ನಡುಗುತ್ತಿತ್ತು. ಅದು ಬೆಲೆಯ ಚಿಂತೆಯಷ್ಟೇ ಅಲ್ಲ ಎಂದು ನನಗೆ ಆಗ ಅನ್ನಿಸಿತು, ಪಾಪ ಅನ್ನಿಸಿತು.

“ಅತ್ತೇನ ನೀವು ಇಷ್ಟು ವರ್ಷ ಉಂಡ್ರಿ ಭಾವ,” ಎಂದರು ಸರ್ವಮಂಗಳಕ್ಕ. “ನಾನು ಇದೀನೋ ಇಲ್ವೋ ಅಂತ ನಾನೂ ಒಂದ್ಸಲ ನೋಡ್ಕೋಬೇಕು.”

“ನಿನ್ನದಲ್ಲ ಅಂತಾದ್ರೆ?”

“ಅಲ್ಲ ಅಂತ ನಾನೇ ನಿಮ್ಮ ಮನೆಗೆ ಬಂದು ಹೇಳ್ತೀನಿ.”

ಇನ್ನೊಂದು ಏಟು ಬಿತ್ತು. ಖಾದರ್ ಸಾಬರು ನಿಟ್ಟುಸಿರು ಬಿಟ್ಟು ಒಳಗೆ ಹೋಗಿ ಎರಡನೇ ಹಾರೆ ಎತ್ತಿಕೊಂಡರು. ತೊಲೆ ಕಳಚಿದರು, ಸೂರು ಎತ್ತರಿಸಿದರು, ಪೂರ್ವಕ್ಕೆ ಕಿಟಕಿ ಬಂತು. ಅದುವರೆಗೆ ಆ ಮನೆಯ ಪಾತ್ರೆಗಳು ಬಿಸಿಲು ಕಂಡಿದ್ದು ಹಿತ್ತಿಲಲ್ಲಿ ತೊಳೆದು ಬೋರಲು ಹಾಕಿದಾಗ ಮಾತ್ರ. ಗೋಡೆಗೆ ಬಿಳಿ ಟೈಲ್ಸ್, ಕಟ್ಟೆಗೆ ಕರಿ ಗ್ರಾನೈಟ್, ಕೈಗೆಟುಕುವಲ್ಲಿ ಸಿಂಕು, ಅದಕ್ಕೆ ನಲ್ಲಿ. ಕಟ್ಟೆಯ ಕಲ್ಲು ಕೂರಿಸುವ ದಿನ ಸಾಬರು ಟೇಪು ಹಿಡಿದು “ಎಷ್ಟು ಎತ್ತರ ತಾಯಿ?” ಎಂದು ಕೇಳಿದರು. ಸರ್ವಮಂಗಳಕ್ಕ ಗೋಡೆಗೆ ಹತ್ತಿರ ಹೋಗಿ, ನೆಟ್ಟಗೆ ನಿಂತು, ಸೊಂಟದ ಹತ್ತಿರ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಳೆದವರು ಅದನ್ನೇ ನೋಡುತ್ತ ನಿಂತರು. ಆ ಮನೆಯಲ್ಲಿ ಆಕೆಯ ಅಳತೆ ಕೇಳಿದವರು ಅದೇ ಮೊದಲು.

ಹೊಸ ಕಟ್ಟೆಯ ಮೇಲೆ ಮೊದಲ ಸಾರು ಇಟ್ಟ ದಿನ ನನ್ನನ್ನು ಕರೆದರು. ಬೇಳೆ ಬೆಂದಿತ್ತು, ಹುಣಸೆ ಬಿದ್ದಿತ್ತು, ಒಗ್ಗರಣೆ ಸಿಡಿದಿತ್ತು. ಕೈಯೂ ಪಳಗಿದ ಕೈ, ಎಲ್ಲಾ ಅಳತೆಯೂ ಸರಿ. ಬಾಯಿಗಿಟ್ಟರೆ ಬಿಸಿನೀರು. ಉಪ್ಪು ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ, ಆದರೂ ಉಪ್ಪಿಲ್ಲ. ನನ್ನ ಅಡುಗೆಯನ್ನೇ ಯಾರೋ ಕದ್ದು ತಂದು ಬಡಿಸಿದಂತಿತ್ತು. ನಾನು ಊಟದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಆವತ್ತು ಹೇಳಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

“ಸಪ್ಪೆ ಅಲ್ವಾ?” ಎಂದರು ಆಕೆ.

“ಸಪ್ಪೆ ಅಕ್ಕ.”

ಸರ್ವಮಂಗಳಕ್ಕ ಮುಖ ತಿರುಗಿಸಿಕೊಂಡು ಅತ್ತರು. ಒಂದು ಜೀವಮಾನ ತನ್ನದೆಂದುಕೊಂಡದ್ದು ತನ್ನದಲ್ಲ ಎಂದು ಒಂದು ಗುಟುಕಿನಲ್ಲಿ ಗೊತ್ತಾದರೆ ಯಾರಿಗಾದರೂ ಅಳು ಬರುತ್ತದೆ. ನನಗೂ ಬಂತು. ಆಮೇಲೆ ಆಕೆ ಆ ಸಾರನ್ನು ಚೆಲ್ಲದೆ ಅನ್ನಕ್ಕೆ ಕಲಸಿಕೊಂಡು ಪೂರ್ತಿ ಉಂಡರು. ಕೈ ತೊಳೆದು ಚಪ್ಪಲಿ ಮೆಟ್ಟಿಕೊಂಡು ನೇರ ಮಹೇಶ್ವರಪ್ಪನವರ ಮನೆಗೆ ನಡೆದರು. ನಾನು ಹಿಂದೆಯೇ ಹೋದೆ. ಪಡಸಾಲೆಯಲ್ಲಿ ನಿಂತು “ಅದು ಅತ್ತೇದೇ ಭಾವ. ನಾನು ತಪ್ಪು ತಿಳಿದಿದ್ದೆ,” ಎಂದರು. ಮಹೇಶ್ವರಪ್ಪನವರಿಗೆ ಗೆದ್ದ ಖುಷಿ ಆಗಲಿಲ್ಲ. ತಾಯಿಯ ಸಾರು ಇನ್ನು ಎಲ್ಲಿಯೂ ಸಿಗುವುದಿಲ್ಲ ಎಂಬುದೊಂದೇ ಅವರ ತಲೆಗೆ ಹೋದದ್ದು.

“ಎಲ್ಲಾ ಕಳೆದೆಯಲ್ಲಮ್ಮ. ಇನ್ನೇನು ಮಾಡ್ತೀಯ?”

“ನಾಳೆಗೆ ಬೇಳೆ ನೆನೆ ಹಾಕ್ಬೇಕು,” ಎಂದು ಹೇಳಿ ಆಕೆ ಹೊರಟರು.

ಬರಿದಾದ ಅಡುಗೆಮನೆಯ ಮನೆಯನ್ನು ನಮ್ಮೂರಿನಲ್ಲಿ ಯಾರು ಕೊಳ್ಳುತ್ತಾರೆ? ಓಂಕಾರಪ್ಪ ಅದರ ಮುಂದೆ ಹಾದುಹೋಗುವಾಗ ಬೇರೆ ಕಡೆ ಮುಖ ಮಾಡುತ್ತಿದ್ದ. ಮಹೇಶ್ವರಪ್ಪ ಭಾನುವಾರ ಬರುವುದು ಬಿಟ್ಟರು. ಮನೆ ಮಾರಾಟವಾಗಲಿಲ್ಲ, ಹಾಗಾಗಿ ಸರ್ವಮಂಗಳಕ್ಕನನ್ನು ಯಾರೂ ಎಬ್ಬಿಸಲಿಲ್ಲ. ಬೀದಿಯ ಹೆಂಗಸರು ಬಂದು ಗ್ರಾನೈಟ್ ಸವರಿ, ಕಿಟಕಿಯಿಂದ ಇಣುಕಿ, ನಲ್ಲಿ ತಿರುಗಿಸಿ ನೋಡಿ, “ಚೆನ್ನಾಗೈತೆ, ಆದ್ರೆ ಏನುಪಯೋಗ?” ಎಂದು ಹೇಳಿ ಹೋಗುತ್ತಿದ್ದರು. ಹೋಗುವ ಮುನ್ನ ಪ್ರತಿಯೊಬ್ಬರೂ ಒಂದು ಗಳಿಗೆ ಆ ಕಟ್ಟೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆಕೆ ದಿನಾ ಬೇಯಿಸಿದರು, ದಿನಾ ಉಂಡರು. ಅತ್ತೆ ಕಲಿಸಿದ ಅಳತೆಗಳನ್ನು ಮೊದಲು ಬಿಟ್ಟರು. ಕೊಟ್ರಮ್ಮ ಬೆಲ್ಲವಿಲ್ಲದೆ ಸಾರಿಗೆ ಕೈ ಹಾಕಿದವರಲ್ಲ, ಈಕೆ ಬೆಲ್ಲದ ಡಬ್ಬಿಯನ್ನೇ ಎತ್ತಿ ಅಟ್ಟಕ್ಕಿಟ್ಟರು. ಜೀರಿಗೆ ಕಪ್ಪಾಗುವವರೆಗೆ ಹುರಿದರು. ತವರಿನಲ್ಲಿ ಅವರಮ್ಮ ಹಾಕುತ್ತಿದ್ದ ಹಾಗೆ ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಜಜ್ಜಿ ಹಾಕಿದರು. “ನಂಗೆ ಮೆಣಸಿನ ಘಾಟು ಇಷ್ಟ ಕಣೋ ತಿಪ್ಪೇಶ,” ಎಂದರು ಒಂದು ದಿನ. “ಈ ಮನೇಲಿ ಅದನ್ನ ಹೇಳೋಕೆ ಅವಕಾಶವೇ ಬರ್ಲಿಲ್ಲ.” ನಾನು ತಟ್ಟೆ ನೋಡಿದೆ. ಘಾಟು ಅವರ ಮಾತಿನಲ್ಲಿತ್ತು, ಸಾರಿನಲ್ಲಿರಲಿಲ್ಲ. ಆದರೂ ಉಂಡೆ. ಸಪ್ಪೆಗೆ ನಾನು ಹೆದರಿದವನಲ್ಲ. ಮಳೆಗಾಲ ಕಳೆಯಿತು, ಚಳಿ ಕಳೆಯಿತು. ಯುಗಾದಿಯ ಸುತ್ತಮುತ್ತ ಮನೆ ಮಾರಾಟದ ಸುಗ್ಗಿ, ನನಗೆ ಬಿಡುವಾಗಲಿಲ್ಲ. ಆ ಕಡೆ ಹೋಗುವುದೇ ತಪ್ಪಿತು.

ಬೇಸಿಗೆಯ ಕೊನೆಯಲ್ಲಿ ಓಂಕಾರಪ್ಪ ಒಂದು ಗಿರಾಕಿ ಹಿಡಿದ. ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರು, ಅವರ ಹೆಂಡತಿ ಪಂಕಜಾಕ್ಷಿ. ಶಾಲೆಗೆ ಹತ್ತಿರವಿದೆ, ಅಡುಗೆಮನೆ ಬರಿದಾಗಿದ್ದರೂ ಸರಿ ಎಂದರಂತೆ. ಮಹೇಶ್ವರಪ್ಪ ಸಿಕ್ಕಿದಷ್ಟಕ್ಕೆ ಕೊಟ್ಟು ಕೈ ತೊಳೆದುಕೊಳ್ಳುವ ಮನಸ್ಸಿನಲ್ಲಿದ್ದರು. ಆದರೂ ಪದ್ಧತಿ ಪದ್ಧತಿಯೇ. ಒಂದು ಬೆಳಗ್ಗೆ ಎಲ್ಲರೂ ಸೇರಿದರು. ಪಂಕಜಾಕ್ಷಮ್ಮ ತಂದ ಬೇಳೆ, ಉಪ್ಪು, ನೀರು ತೆಗೆದುಕೊಂಡು ನಾನು ಒಳಗೆ ಹೋದೆ. ನನ್ನ ಜೊತೆ ಒಳಗೆ ಯಾರೂ ಬರುವ ಹಾಗಿಲ್ಲ. ಸಪ್ಪೆಯ ಮೇಲೆ ಸಪ್ಪೆ ಬೇಯಿಸಲು ನನ್ನನ್ನೇಕೆ ಕರೆಯಬೇಕಿತ್ತು ಎಂದು ಗೊಣಗುತ್ತಲೇ ಒಗ್ಗರಣೆ ಹಾಕಿದೆ.

ಕೆಮ್ಮು ಬಂತು. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ತುಂಬಿತು. ನಾನು ಮೆಣಸು ಹಾಕಿಯೇ ಇರಲಿಲ್ಲ. ಸೌಟಿನಲ್ಲಿ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಹುರಿದ ಜೀರಿಗೆಯ ಒಗರು, ಸಿಪ್ಪೆ ಬೆಳ್ಳುಳ್ಳಿ, ಆಮೇಲೆ ನಿಧಾನಕ್ಕೆ ಗಂಟಲಿನಿಂದ ಎದೆಗೆ ಇಳಿಯುವ ಬಿಸಿ. ಬೆಲ್ಲದ ಸುಳಿವಿಲ್ಲ. ಊರಿನ ಅರ್ಧಕ್ಕರ್ಧ ಅಡುಗೆಮನೆಗಳ ಸಾರು ನನ್ನ ನಾಲಗೆಗೆ ಗೊತ್ತು. ಇದು ಅವುಗಳಲ್ಲಿ ಯಾವುದೂ ಅಲ್ಲ. ಕಟ್ಟೆ ಹಿಡಿದುಕೊಂಡು ನಿಂತೆ. ನಮ್ಮೂರಿನಲ್ಲಿ ಕೊಟ್ರಮ್ಮನ ತಲೆಮಾರಿನ ಮೇಲೆ ಯಾರೂ ಬರಿದಾದ ಒಲೆಯ ಮುಂದೆ ಛಲ ಹಿಡಿದು ಇಷ್ಟು ದಿನ ನಿಂತಿರಲಿಲ್ಲ. ಎಲ್ಲರೂ ಇನ್ನೊಬ್ಬರ ಕೈಯನ್ನು ಕೊಂಡು, ಕಾಪಾಡಿ, ಮಾರಿ, ಸತ್ತುಹೋಗಿದ್ದರು.

ಹೊರಗೆ ಬಂದು ಬಡಿಸಿದೆ. ನನ್ನ ಮುಖ ನೋಡಿಯೇ ಓಂಕಾರಪ್ಪ ಹುಬ್ಬು ಹಾರಿಸಿದ. ಪಂಕಜಾಕ್ಷಮ್ಮ ಒಂದು ತುತ್ತು ಬಾಯಿಗಿಟ್ಟು ಗಂಡನ ಕಡೆ ತಿರುಗಿದರು. ಸರ್ವಮಂಗಳಕ್ಕ ಎಲೆಯ ಮೇಲಿನ ಕಣ್ಣು ಎತ್ತಲಿಲ್ಲ. ಆಕೆಗೆ ಮೊದಲೇ ಗೊತ್ತಿತ್ತು ಎಂದು ನನಗೆ ಹೊಳೆದದ್ದು ಆಗಲೇ. ಗೊತ್ತಿದ್ದೂ ಯಾರಿಗೂ ಹೇಳದೆ ಕಾದಿದ್ದರು. ಮಹೇಶ್ವರಪ್ಪ ಎಂದಿನಂತೆ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ಎರಡನೇ ತುತ್ತಿಗೆ ಕಣ್ಣು ತೆರೆದರು. ಊಟ ಮಾಡುತ್ತ ಅವರು ಎದುರಿಗಿದ್ದವರನ್ನು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಓಂಕಾರಪ್ಪ ಗಂಟಲು ಸರಿಮಾಡಿಕೊಂಡ. “ಯಾರ ಕೈ?”

ಯಜಮಾನ ತಕ್ಷಣ ಹೇಳಬೇಕು. ಮಹೇಶ್ವರಪ್ಪನವರ ಬಾಯಲ್ಲಿ ಅವ್ವನ ಹೆಸರು ಅಭ್ಯಾಸಕ್ಕೆ ಬಂದು ತುಟಿಯವರೆಗೆ ನಿಂತಂತೆ ಕಂಡಿತು. ಅರ್ಧ ಬೆಲೆ ಆ ಒಂದು ಹೆಸರಿನ ಮೇಲೆ ನಿಂತಿತ್ತು. ಅವರು ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು.

“ಇನ್ನೊಂದು ಸೌಟು ಹಾಕು ತಿಪ್ಪೇಶ.”

ಹಾಕಿದೆ. ಅದನ್ನೂ ಉಂಡು ಮುಗಿಸಿದರು.

“ಸರ್ವಮಂಗಳಮ್ಮನ ಕೈ,” ಎಂದರು. ಅಷ್ಟು ವರ್ಷ ಏನಮ್ಮ, ಇವಳೇ, ನಮ್ಮ ತಮ್ಮನ ಹೆಂಡ್ತಿ ಎಂದವರು ಆಕೆಯ ಹೆಸರನ್ನು ಪೂರ್ತಿ ಹೇಳಿದ್ದು ಅವತ್ತೇ. ಬೆಲೆ ಎಷ್ಟಕ್ಕೆ ನಿಂತಿತು ಎಂಬುದನ್ನು ಓಂಕಾರಪ್ಪ ಇವತ್ತಿಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ಅವನನ್ನೇ ಕೇಳಿಕೊಳ್ಳಿ. ಸರ್ವಮಂಗಳಕ್ಕ ಎದ್ದು ಕೈ ತೊಳೆಯಲು ಹೋದವರು ನಲ್ಲಿಯನ್ನು ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದರು. ಹೊರಗೆ ಬಂದಾಗ ಮುಖ ತೊಳೆದಿತ್ತು. ಮಹೇಶ್ವರಪ್ಪ ಖಾಲಿ ಕ್ಯಾನ್ ತಂದಿಲ್ಲವಲ್ಲ ಎಂದು ಪೇಚಾಡುತ್ತಿದ್ದರು.

ಕೀಲಿ ಒಪ್ಪಿಸುವ ದಿನ ನಾನೂ ಇದ್ದೆ. ಸರ್ವಮಂಗಳಕ್ಕನ ಸಾಮಾನು ಗಾಡಿಗೆ ಏರಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಹಿಡಿದ ಜಾಗದಲ್ಲಿ ಖಾದರ್ ಸಾಬರು ಆಗಲೇ ಗೋಡೆಯ ಮೇಲೆ ಗೆರೆ ಎಳೆದಿದ್ದರು. ಕಟ್ಟೆ ಒಡೆಯದೆ ಬಿಟ್ಟುಬಂದರೆ ಕೂತ ಕೈ ಅಲ್ಲೇ ಉಳಿಯುತ್ತದೆ, ಹೊಸ ಒಲೆಯಲ್ಲಿ ಮೊದಮೊದಲು ಎಲ್ಲಾ ಸಪ್ಪೆಯೇ ಆಗುತ್ತದೆ, ಗಿರಾಕಿಗಳಿಗೆ ಏನು ಹೇಳುತ್ತೀರಿ ಎಂದು ನಾನು ಕೇಳಿದ್ದೆ. “ಉಪ್ಪಿನಕಾಯಿ ಜಾಸ್ತಿ ಹಾಕ್ತೀನಿ,” ಎಂದಿದ್ದರು. ಪಂಕಜಾಕ್ಷಮ್ಮ ಅಡುಗೆಮನೆಯಲ್ಲಿ ತಮ್ಮ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಕುಳ್ಳಗಿನ ಹೆಂಗಸು. ಮೇಲಿನ ಶೆಲ್ಫಿಗೆ ಕೈ ಎಟುಕದೆ ಮಣೆ ಹಾಕಿಕೊಂಡಿದ್ದರು, ಒಲೆಯ ಮೇಲಿನ ಪಾತ್ರೆಯೊಳಗೆ ಬಗ್ಗಿ ನೋಡಲು ತುದಿಗಾಲಲ್ಲಿ ನಿಲ್ಲುತ್ತಿದ್ದರು. ಆದರೂ ಮುಖದಲ್ಲಿ ಸಂಭ್ರಮ. ಇಂಥ ಕೈ ಕೂತ ಅಡುಗೆಮನೆ ಸಿಕ್ಕಿತಲ್ಲ, ಒಂದು ಮೊಳೆ ಹೊಡೆಯದ ಹಾಗೆ ಕಾಪಾಡಿಕೊಳ್ಳುತ್ತೇವೆ ಎಂದು ಕೈ ಮುಗಿದರು.

ಸರ್ವಮಂಗಳಕ್ಕ ಆಕೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹಿತ್ತಿಲಿಗೆ ಹೋಗಿ ಹಾರೆ ತಂದರು. ಕೀಲಿಯನ್ನು ಆಕೆಯ ಕೈಗಿಟ್ಟು ಹಾರೆಯನ್ನು ಬಾಗಿಲ ಮೂಲೆಗೆ ಒರಗಿಸಿದರು.

“ಬೇಕಾದ್ರೆ ಒಂದು ವರ್ಷ ನನ್ನ ಸಾರು ಉಣ್ಣಮ್ಮ,” ಎಂದರು. “ಆಮೇಲೆ ಒಡೆದುಬಿಡು. ಈ ಕಟ್ಟೆ ನಿಂಗೆ ಎತ್ತರ ಆಗುತ್ತೆ.”